ಘಟಪ್ರಭೆಯ ಕರೆಂಟಿಗೆ ಯಾರ ಅಪ್ಪಣೆ?

2023ರ ಜೂನ್ 18ರಂದು ಸೇವಾಸಿಂಧು ಜಾಲತಾಣದಲ್ಲಿ ಮನೆಗಳಿಗೆ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ನೋಂದಣಿ ಶುರುವಾಯಿತು. ಅರ್ಜಿ ಹಾಕುವವರು ಮೊದಲು ತಮ್ಮ ಮನೆಗೆ ಕರೆಂಟು ಕೊಡುವವರ ಹೆಸರನ್ನು ಆರಿಸಬೇಕಿತ್ತು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್: ಇವು ಐದು ಸರ್ಕಾರಿ ಕಂಪನಿಗಳು. ಇವುಗಳ ಸಾಲಿನಲ್ಲಿ ಆರನೆಯ ಹೆಸರೊಂದಿತ್ತು, ಎಚ್‌ಆರ್‌ಇಸಿಎಸ್. ಬೆಂಗಳೂರು, ಮೈಸೂರಿನ ಕಡೆಯವರು ಇದ್ಯಾವ ಕಂಪನಿ ಎಂದು ಹುಬ್ಬೇರಿಸಿರಬಹುದು. ಹುಕ್ಕೇರಿ, ಸಂಕೇಶ್ವರ, ಯಮಕನಮರಡಿಯ ಕಡೆಯವರಿಗೆ ಮಾತ್ರ ಅದು ತಮ್ಮ ಬಿಲ್ಲಿನ ಮೇಲೆ ತಲೆಮಾರುಗಳಿಂದ ಕಂಡ ಹೆಸರು: ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ರಾಜ್ಯದಲ್ಲಿ ಮನೆಮನೆಗೆ, ಹೊಲಹೊಲಕ್ಕೆ ಕರೆಂಟು ಹಂಚುವ ಏಕೈಕ ಸಹಕಾರ ಸಂಘ ಇದು.

ಸಕ್ಕರೆ, ಹಾಲು, ಸಾಲ, ಬೀಜ, ಗೊಬ್ಬರಕ್ಕೆ ಸಹಕಾರ ಸಂಘ ಇರುವುದು ಬೆಳಗಾವಿ ಜಿಲ್ಲೆಯಲ್ಲಿ ಹೊಸ ಮಾತಲ್ಲ. ಕರೆಂಟಿನ ಸಂಘ ಮಾತ್ರ ಬೇರೆ ಜಾತಿಯದು. ಹಾಲಿನ ಸಂಘ ಕಟ್ಟುವುದಕ್ಕೆ ನೋಂದಣಿ ಸಾಕು. ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ತಂತಿ ಎಳೆದು ಕರೆಂಟು ಮಾರಬೇಕಾದರೆ ಲೈಸೆನ್ಸು ಬೇಕು, ಆ ಲೈಸೆನ್ಸಿಗೆ ಅವಧಿ ಇರುತ್ತದೆ, ಅವಧಿ ಮುಗಿದಾಗ ಮತ್ತೆ ಬಾಗಿಲು ತಟ್ಟಬೇಕು. ಘಟಪ್ರಭಾ ನದಿಯ ಅಕ್ಕಪಕ್ಕದ ಮೂರು ತಾಲ್ಲೂಕುಗಳಲ್ಲಿ, ಅಂದರೆ ಗೋಕಾಕ, 2018ರಲ್ಲಿ ಅದರಿಂದ ಬೇರೆಯಾದ ಮೂಡಲಗಿ ಮತ್ತು ಹುಕ್ಕೇರಿಯಲ್ಲಿ, ಈ ಬಾಗಿಲು ಒಂದೂ ಕಾಲು ಶತಮಾನಕ್ಕೂ ಹೆಚ್ಚಿನ ಕಾಲದಲ್ಲಿ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ನೋಡಿದರೆ, ಭಾರತದ ವಿದ್ಯುತ್ ಕಾನೂನಿನ ಚರಿತ್ರೆಯೇ ಒಂದು ನದಿಯ ದಂಡೆಯಲ್ಲಿ ಸಿಗುತ್ತದೆ.

ಲೈಸೆನ್ಸು ಇಲ್ಲದ ಕಾಲ

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮ್ಮಿಕ್ಕುತ್ತದೆ. ಮಳೆಗಾಲದ ಕೆನ್ನೀರು ನೋಡಲು ಬರುವವರು ಅಲ್ಲಿನ ತೂಗುಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಪಕ್ಕದ ಗಿರಣಿಯ ಹಳೆಯ ಕಟ್ಟಡಗಳನ್ನು ನೋಡುವವರು ಕಡಿಮೆ. ಇಲ್ಲಿ ಬೀಳುವ ನೀರಿನ ಬಲವನ್ನು ಕೆಲಸಕ್ಕೆ ಹಚ್ಚಬೇಕೆಂದು 1885ರಲ್ಲಿ ಹುಟ್ಟಿದ ಕಂಪನಿಯ ಹೆಸರೇ ಅದರ ಉದ್ದೇಶ ಹೇಳುತ್ತಿತ್ತು: ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಮುಂದೆ ಗೋಕಾಕ ಮಿಲ್ಸ್ ಎಂದೇ ಹೆಸರಾದ ನೂಲಿನ ಗಿರಣಿ ಇದು. ಕಲ್ಲಿದ್ದಲು ಸಿಗದ ಈ ಮೂಲೆಯಲ್ಲಿ ನೀರೇ ಇಂಧನ.

ಏಷ್ಯಾದಲ್ಲೇ ಮೊಟ್ಟಮೊದಲು ಜಲವಿದ್ಯುತ್ ಹುಟ್ಟಿದ್ದು 1887ರಲ್ಲಿ ಇಲ್ಲೇ ಎಂಬುದು ಗೋಕಾಕದವರ ಹೆಮ್ಮೆಯ ಮಾತು. ಅದಕ್ಕೆ ಎದುರಾಗಿ ಡಾರ್ಜಿಲಿಂಗಿನ ಸಿದ್ರಾಪೊಂಗ್ ನಿಲ್ಲುತ್ತದೆ. ಅಲ್ಲಿ 1897ರ ನವೆಂಬರ್‌ನಲ್ಲಿ 130 ಕಿಲೋವಾಟ್‌ನ ಪುಟ್ಟ ಘಟಕ ಪಟ್ಟಣದ ಬೀದಿಗಳಿಗೆ ಬೆಳಕು ಕೊಟ್ಟಿತು. ಮೈಸೂರು ಸಂಸ್ಥಾನದ ಶಿವನಸಮುದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. ಯಾರು ಮೊದಲು ಎಂಬ ಜಗಳವನ್ನು ಬದಿಗಿಟ್ಟು ನೋಡಿದರೆ ಇವುಗಳ ನಡುವೆ ಕಾನೂನಿನ ಕಣ್ಣಿಗೆ ದೊಡ್ಡದಾಗಿ ಕಾಣುವ ವ್ಯತ್ಯಾಸ ಒಂದಿದೆ. ಡಾರ್ಜಿಲಿಂಗಿನದು ಊರಿಗೆ, ಶಿವನಸಮುದ್ರದ್ದು ದೂರದ ಗಿರಾಕಿಗೆ. ಗೋಕಾಕದ ಶಕ್ತಿ ಗಿರಣಿಯ ಯಂತ್ರಗಳಿಗೆ ಮೀಸಲು. ತನ್ನ ನೆಲ, ತನ್ನ ಯಂತ್ರ, ತನ್ನ ಕದಿರು. ನೀರಿನ ಹಕ್ಕಿಗಾಗಿ ಮುಂಬಯಿ ಸರ್ಕಾರದ ಒಪ್ಪಿಗೆ ಬೇಕಾಗಿರಬಹುದು. ಶಕ್ತಿ ಹುಟ್ಟಿಸುವುದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಕಾಕತಾಳೀಯವೆಂಬಂತೆ ಬ್ರಿಟಿಷ್ ಭಾರತದ ಮೊದಲ ವಿದ್ಯುತ್ ಕಾಯ್ದೆ ಬಂದದ್ದೂ 1887ರಲ್ಲೇ, ಆ ವರ್ಷದ 13ನೇ ಕಾಯ್ದೆಯಾಗಿ. ಅದರ ಚಿಂತೆ ಇದ್ದದ್ದು ಅಪಾಯದ ಬಗ್ಗೆ: ಈ ಹೊಸ ಶಕ್ತಿಯಿಂದ ಜನರ ಜೀವಕ್ಕೆ, ಆಸ್ತಿಗೆ ಕೇಡಾಗಬಾರದು. ಕರೆಂಟನ್ನು ವ್ಯಾಪಾರವೆಂದು ಕಾಣುವ ಕಣ್ಣು ಆ ಕಾಯ್ದೆಗೆ ಇನ್ನೂ ಬಂದಿರಲಿಲ್ಲ.

ಆ ಕಣ್ಣು ತೆರೆದದ್ದು ಕಲ್ಕತ್ತೆಯಲ್ಲಿ. ಆ ನಗರಕ್ಕೆಂದೇ 1895ರಲ್ಲಿ ಬಂದ ದೀಪದ ಕಾಯ್ದೆಯಡಿ 1897ರ ಜನವರಿಯಲ್ಲಿ ಕಿಲ್ಬರ್ನ್ ಕಂಪನಿಗೆ ಲೈಸೆನ್ಸು ಸಿಕ್ಕಿತು, 21 ವರ್ಷಕ್ಕೆ. ಒಬ್ಬನಿಗೆ ಒಂದು ಸೀಮೆ, ಆ ಸೀಮೆಗೆ ಒಂದು ಅವಧಿ, ಅವಧಿ ಮುಗಿದ ಮೇಲೆ ಸರ್ಕಾರದ ಮರ್ಜಿ: ಈ ಕಟ್ಟಳೆ ಅಂದಿನಿಂದ ಇಂದಿನವರೆಗೂ ಬೇರೆಬೇರೆ ವೇಷದಲ್ಲಿ ಉಳಿದಿದೆ. 1903ರ ಕಾಯ್ದೆ, ಅದರ ಜಾಗಕ್ಕೆ ಬಂದ 1910ರ ಭಾರತೀಯ ವಿದ್ಯುತ್ ಕಾಯ್ದೆ ಅದನ್ನು ದೇಶಕ್ಕೆಲ್ಲ ಹರಡಿದವು. ಸಾರ್ವಜನಿಕರಿಗೆ ಕರೆಂಟು ಪೂರೈಸುವವನು ಪ್ರಾಂತ ಸರ್ಕಾರದಿಂದ ಲೈಸೆನ್ಸು ಪಡೆಯಬೇಕು, ಅರ್ಜಿಯನ್ನು ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು. ತನ್ನ ಗಿರಣಿಗಷ್ಟೇ ಉತ್ಪಾದಿಸುವವನ ಹತ್ತಿರ ಬರುವವನು ಸುರಕ್ಷತೆ ನೋಡುವ ವಿದ್ಯುತ್ ಇನ್‌ಸ್ಪೆಕ್ಟರ್ ಮಾತ್ರ.

ಬಾಗಿಲು ಎರಡಾದದ್ದು

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ವಿದ್ಯುತ್ ಪೂರೈಕೆ ಕಾಯ್ದೆ ಬಂತು. ಕರೆಂಟು ಲಾಭದ ಸರಕಾಗಿ ನಗರಗಳಲ್ಲೇ ಉಳಿಯಬಾರದು, ಹಳ್ಳಿಗೂ ಹೋಗಬೇಕು, ಅದಕ್ಕೆ ರಾಜ್ಯಕ್ಕೊಂದು ಮಂಡಳಿ ಬೇಕು ಎಂಬುದು ಅದರ ಆಶಯ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. 1956ರ ಏಕೀಕರಣದಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1957ರ ಅಕ್ಟೋಬರ್‌ನಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿತು. ಮುಂದೆ ಅದೇ ಕೆಇಬಿ. ಮಂಡಳಿ ಹೋಗಿ ಕಾಲು ಶತಮಾನ ಕಳೆದರೂ ನಮ್ಮ ಹಳ್ಳಿಗಳಲ್ಲಿ ಲೈನ್‌ಮನ್ ಇವತ್ತಿಗೂ 'ಕೆಇಬಿಯವ'.

ಆ ಕಾಯ್ದೆಯ 44ನೇ ಕಲಮು ಗಿರಣಿಯವರಿಗೆ ಹೊಸದೊಂದು ಬಾಗಿಲು ಕಟ್ಟಿತು. ಹೊಸ ಉತ್ಪಾದನಾ ಕೇಂದ್ರ ಕಟ್ಟಲು, ಇದ್ದುದನ್ನು ದೊಡ್ಡದು ಮಾಡಲು ಮಂಡಳಿಯ ಲಿಖಿತ ಸಮ್ಮತಿ ಬೇಕಾಯಿತು. ಅಂದರೆ ಮಾರುವವನಷ್ಟೇ ಅಲ್ಲ, ತಯಾರಿಸುವವನೂ ಕೇಳಬೇಕು. ದೊಡ್ಡ ಯೋಜನೆಗಳಿಗೆ 29ನೇ ಕಲಮಿನ ಪ್ರಕಾರ ಗೆಜೆಟ್ ಪ್ರಕಟಣೆ, ಕೇಂದ್ರ ವಿದ್ಯುತ್ ಪ್ರಾಧಿಕಾರದ ಒಪ್ಪಿಗೆ. ಖಾಸಗಿ ವ್ಯಕ್ತಿ ಟರ್ಬೈನು ತಂದು ಕೂರಿಸುವ ಮುನ್ನ, ಅವನ ಬೇಡಿಕೆಯನ್ನು ತಾನೇ ಪೂರೈಸಬಹುದೇ ಎಂದು ಮಂಡಳಿ ನೋಡುತ್ತಿತ್ತು. ದಶಕಗಳ ಕಾಲ ಈ ಎರಡು ಬಾಗಿಲುಗಳ ಕೀಲಿ ಒಂದೇ ಕೈಯಲ್ಲಿತ್ತು, ಆ ಕೈಯೇ ರಾಜ್ಯದ ಅತಿದೊಡ್ಡ ಕರೆಂಟು ವ್ಯಾಪಾರಿಯದೂ ಆಗಿತ್ತು.

ಈ ಅವಧಿಯಲ್ಲೇ ಘಟಪ್ರಭೆಯ ರೂಪ ಬದಲಾಯಿತು. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಹತ್ತೊಂಬತ್ತನೇ ಶತಮಾನದ ಒಡ್ಡು ಮೊದಲೇ ಇತ್ತು. ಗೋಕಾಕ, ಮೂಡಲಗಿ ಕಡೆಯ ಹೊಲಗಳಿಗೆ ನೀರು ಹೋಗುವ ಎಡದಂಡೆ ಕಾಲುವೆ ಹೊರಡುವುದು ಅಲ್ಲಿಂದಲೇ. ಅದರ ಮೇಲ್ಭಾಗದಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ, 51 ಟಿಎಂಸಿ ಅಡಿ ನೀರು ಹಿಡಿಯುವ ಅಣೆಕಟ್ಟು ಎಪ್ಪತ್ತರ ದಶಕದ ಕೊನೆಗೆ ಎದ್ದು ನಿಂತಿತು. ಅದಕ್ಕೆ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿ ಅವರ ಹೆಸರಿಟ್ಟರು. ಅಣೆಕಟ್ಟಿನ ಬುಡದಲ್ಲಿ ಕರ್ನಾಟಕ ವಿದ್ಯುತ್ ನಿಗಮ 16 ಮೆಗಾವಾಟ್‌ನ ಎರಡು ಯಂತ್ರಗಳನ್ನು ಹೂಡಿ 1992ರಲ್ಲಿ ಚಾಲನೆ ಕೊಟ್ಟಿತು. ಅಣೆಕಟ್ಟು ಮೂಲತಃ ನೀರಾವರಿಯದು, ಕರೆಂಟು ಅದರ ಮಗ್ಗುಲಲ್ಲಿ ಹುಟ್ಟಿದ ಕೂಸು. ರೈತನ ಹೊಲಕ್ಕೆ ನೀರು ಬಿಟ್ಟಾಗ ಟರ್ಬೈನು ತಿರುಗುತ್ತದೆ, ಕಾಲುವೆ ಬಂದಾದಾಗ ಅದಕ್ಕೂ ಬಿಡುವು.

ಐದು ಸೀಮೆಗಳ ಪ್ರಯೋಗ

ಮಂಡಳಿಯ ಕಾಲದಲ್ಲಿ, ಮಂಡಳಿಯ ಎದುರಿಗೇ, ಒಂದು ತಾಲ್ಲೂಕಿನ ಜನ ಕರೆಂಟಿನ ಒಡೆತನ ಪಡೆದದ್ದು ಹೇಗೆ? ಅದಕ್ಕೆ ಅರವತ್ತರ ದಶಕದ ಬರಗಾಲಕ್ಕೆ ಹೋಗಬೇಕು. 1965ರಿಂದ ಎರಡು ವರ್ಷ ಮಳೆ ಕೈಕೊಟ್ಟು ದೇಶ ಅಮೆರಿಕದ ಗೋಧಿಯ ಹಡಗಿಗಾಗಿ ಕಾಯುವ ಸ್ಥಿತಿ ಬಂತು. ಬಾವಿಯಲ್ಲಿ ನೀರಿದ್ದೂ ಎತ್ತುವ ಶಕ್ತಿ ಇಲ್ಲ. ಪಂಪ್‌ಸೆಟ್ಟಿಗೆ ಕರೆಂಟು ಕೊಟ್ಟರೆ ಹೊಲ ಬದುಕುತ್ತದೆ. ಆದರೆ ಹತ್ತು ಕಂಬ ನಿಲ್ಲಿಸಿದರೆ ಮೂರು ಗಿರಾಕಿ ಸಿಗುವ ಹಳ್ಳಿಯಲ್ಲಿ ದುಡ್ಡು ಹಾಕಲು ಮಂಡಳಿಗಳಿಗೆ ಶಕ್ತಿ ಇರಲಿಲ್ಲ. ಬಿ. ವೆಂಕಟಪ್ಪಯ್ಯ ಅವರ ಅಧ್ಯಕ್ಷತೆಯ ಅಖಿಲ ಭಾರತ ಗ್ರಾಮೀಣ ಸಾಲ ಪರಿಶೀಲನಾ ಸಮಿತಿ ಹಳ್ಳಿಯ ವಿದ್ಯುತ್ತಿಗೆಂದೇ ಒಂದು ನಿಗಮ ಬೇಕೆಂದು ಶಿಫಾರಸು ಮಾಡಿತು. 1969ರ ಜುಲೈ 25ರಂದು ಗ್ರಾಮೀಣ ವಿದ್ಯುದೀಕರಣ ನಿಗಮ, ಆರ್‌ಇಸಿ, ಹುಟ್ಟಿತು. ಅದರ ಬಂಡವಾಳದ ದೊಡ್ಡ ಪಾಲು ಅಮೆರಿಕದ ಪಿಎಲ್-480 ಗೋಧಿಗೆ ಭಾರತ ಕಟ್ಟಿದ್ದ ರೂಪಾಯಿಗಳೇ.

ಹಣದ ಜೊತೆ ಒಂದು ವಿಚಾರವೂ ಬಂತು. ಅಮೆರಿಕದಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ, 1935ರ ಆಚೆಗೆ, ಖಾಸಗಿ ಕಂಪನಿಗಳು ಮುಟ್ಟದ ಹಳ್ಳಿಗಳಿಗೆ ರೈತರೇ ಸಹಕಾರ ಸಂಘ ಕಟ್ಟಿ ಕರೆಂಟು ತಂದುಕೊಂಡಿದ್ದರು. ಆ ಸಂಘಗಳ ಒಕ್ಕೂಟದ ತಜ್ಞರು ಭಾರತಕ್ಕೆ ಬಂದರು. ಪ್ರಯೋಗಕ್ಕೆ ಐದು ಕಡೆ ಆಯ್ಕೆಯಾಯಿತು: ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೋಡಿನಾರ್, ಉತ್ತರ ಪ್ರದೇಶದ ಲಖನೌ ಗ್ರಾಮಾಂತರ, ಮೈಸೂರು ರಾಜ್ಯದ ಹುಕ್ಕೇರಿ.

ಇಡೀ ಮೈಸೂರು ರಾಜ್ಯದಲ್ಲಿ ಹುಕ್ಕೇರಿಯೇ ಏಕೆ? ಆ ತಾಲ್ಲೂಕಿನ ನೆಲ ನೋಡಿದವರಿಗೆ ಉತ್ತರ ಸುಲಭ. ಘಟಪ್ರಭೆ, ಹಿರಣ್ಯಕೇಶಿ ಎರಡೂ ಇಲ್ಲಿ ಹರಿಯುತ್ತವೆ. ಬಾವಿ ನೀರಾವರಿ, ಕಬ್ಬು, ಸಂಕೇಶ್ವರದ ಮೆಣಸಿನಕಾಯಿ ಇದ್ದವು. ಕೊಲ್ಹಾಪುರದ ಗಾಳಿ ಬೀಸುವಷ್ಟು ಹತ್ತಿರದಲ್ಲಿ ಸಹಕಾರದ ರೂಢಿಯೂ ಬಲವಾಗಿ ಬೇರೂರಿತ್ತು. ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯ ಜೊತೆಗೆ ಕೂಡಿ ಬರುವ ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಹೆಸರನ್ನು ಈ ವಿದ್ಯುತ್ ಸಂಘದ ಜೊತೆಗೂ ಆ ಸೀಮೆಯ ಜನ ಈಗಲೂ ಜೋಡಿಸಿಯೇ ಹೇಳುತ್ತಾರೆ. ಶೇರು ಹಾಕುವುದು, ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವುದು ಅವರಿಗೆ ಹೊಸದಾಗಿರಲಿಲ್ಲ.

ಸಂಘ 1969ರಲ್ಲಿ ನೋಂದಣಿಯಾಯಿತು. ಸಹಕಾರ ಕಾಯ್ದೆಯ ಪ್ರಕಾರ ಅದು ಸಂಘ. 1910ರ ವಿದ್ಯುತ್ ಕಾಯ್ದೆಯ ಪ್ರಕಾರ ಅದು ಲೈಸೆನ್ಸುದಾರ. ಒಂದೇ ದೇಹಕ್ಕೆ ಎರಡು ಹುಟ್ಟು. ಮೊದಲನೆಯದರಲ್ಲಿ ಯಜಮಾನ ಸದಸ್ಯ. ಒಬ್ಬನಿಗೆ ಒಂದೇ ಮತ, ಹತ್ತು ಎಕರೆಯವನಿಗೂ ಗುಡಿಸಲಿನವನಿಗೂ. ಎರಡನೆಯದರಲ್ಲಿ ಯಜಮಾನ ಸರ್ಕಾರ. ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಅದರದು. ಸಂಘದ ಐದು ದಶಕಗಳ ಏಳುಬೀಳಿನ ಬೇರು ಇಲ್ಲಿದೆ.

1959ರ ತಿದ್ದುಪಡಿಯ ನಂತರ ಕೊಟ್ಟ ಲೈಸೆನ್ಸುಗಳಿಗೆ 1910ರ ಕಾಯ್ದೆಯ 6ನೇ ಕಲಮು ಬಿಗಿಯಾದ ಅವಧಿ ಹಾಕಿತ್ತು. ಮೊದಲ ಅವಧಿ 20 ವರ್ಷ ಮೀರುವಂತಿಲ್ಲ, ಆಮೇಲಿನ ಪ್ರತಿ ಅವಧಿ ಹತ್ತು ವರ್ಷ ಮೀರುವಂತಿಲ್ಲ. ಪ್ರತಿ ಅವಧಿಯ ಕೊನೆಗೂ ಮುಂಗಡ ನೋಟಿಸು ಕೊಟ್ಟು ಇಡೀ ಉದ್ಯಮವನ್ನು, ಕಂಬ, ತಂತಿ, ಟ್ರಾನ್ಸ್‌ಫಾರ್ಮರಿನ ಟಿಸಿ ಸಮೇತ, ಕೊಂಡುಕೊಳ್ಳುವ ಮೊದಲ ಹಕ್ಕು ವಿದ್ಯುತ್ ಮಂಡಳಿಯದು. ಅಂದರೆ 1969ರ ಪೀಳಿಗೆಯ ಲೈಸೆನ್ಸು 1990ರ ಆಸುಪಾಸಿಗೆ ಒಮ್ಮೆ, ಆಮೇಲೆ ದಶಕಕ್ಕೊಮ್ಮೆ ಈ ಪರೀಕ್ಷೆಗೆ ಕೂರಲೇಬೇಕು. ಸಂಘಕ್ಕೆ ಸಗಟಾಗಿ ಕರೆಂಟು ಕೊಡುತ್ತಿದ್ದುದೂ ಅದೇ ಮಂಡಳಿ. ಮಾಲು ಕೊಡುವ ವ್ಯಾಪಾರಿಯೇ ಅವಧಿ ಮುಗಿದ ದಿನ ಅಂಗಡಿಯನ್ನೂ ಕೊಳ್ಳಬಹುದು ಎಂಬ ಕರಾರಿನಲ್ಲಿ ಯಾವ ಚಿಲ್ಲರೆ ಅಂಗಡಿಯವನು ತಾನೆ ನೆಮ್ಮದಿಯಿಂದ ನಿದ್ದೆ ಮಾಡಿಯಾನು?

ಆಯೋಗ ಬಂತು

1991ರ ನಂತರ ಮಂಡಳಿಗಳ ಸಾಲ ರಾಜ್ಯ ಬಜೆಟ್ಟುಗಳನ್ನು ನುಂಗತೊಡಗಿತು. ದರ ನಿಗದಿ ಮಾಡುವವನೂ, ಮಾರುವವನೂ, ಲೈಸೆನ್ಸು ಕೊಡಿಸುವವನೂ ಒಬ್ಬನೇ ಇರಬಾರದು ಎಂಬ ಮಾತು ಬಲವಾಯಿತು. ಕರ್ನಾಟಕದ ವಿದ್ಯುತ್ ಸುಧಾರಣಾ ಕಾಯ್ದೆ 1999ರ ಜೂನ್‌ನಲ್ಲಿ ಜಾರಿಗೆ ಬಂತು, ಅದೇ ವರ್ಷ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ, ಕೆಇಆರ್‌ಸಿ, ಕೆಲಸ ಶುರುಮಾಡಿತು. ಕೆಇಬಿ ಹೋಗಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ, ಕೆಪಿಟಿಸಿಎಲ್, ಆಯಿತು. 2002ರ ಜೂನ್ 1ರಿಂದ ಹಂಚಿಕೆಯ ಕೆಲಸ ಬೇರೆಬೇರೆ ಕಂಪನಿಗಳಿಗೆ ಹೋಯಿತು. ಬೆಳಗಾವಿ ಜಿಲ್ಲೆ ಹುಬ್ಬಳ್ಳಿಯ ಹೆಸ್ಕಾಂ ಪಾಲಿಗೆ ಬಂತು. ಗೋಕಾಕ, ಮೂಡಲಗಿಯ ಬಿಲ್ಲಿನ ಮೇಲೆ ಹೆಸ್ಕಾಂ ಮುದ್ರೆ ಬಿತ್ತು, ಹುಕ್ಕೇರಿಯ ಬಿಲ್ಲಿನ ಮೇಲೆ ಸಂಘದ ಮುದ್ರೆ ಉಳಿಯಿತು.

ನಂತರ ಬಂದದ್ದು 2003ರ ವಿದ್ಯುತ್ ಕಾಯ್ದೆ. ಆ ವರ್ಷದ ಜೂನ್ 10ರಂದು 1910 ಮತ್ತು 1948ರ ಕಾಯ್ದೆಗಳೆರಡೂ ಒಟ್ಟಿಗೆ ಇತಿಹಾಸಕ್ಕೆ ಸೇರಿದವು. ಹೊಸ ಕಾಯ್ದೆಯ 7ನೇ ಕಲಮು ಒಂದೇ ಏಟಿಗೆ ಉತ್ಪಾದನೆಯ ಬಾಗಿಲನ್ನು ಕಿತ್ತುಹಾಕಿತು: ಕರೆಂಟು ತಯಾರಿಸಲು ಇನ್ನು ಲೈಸೆನ್ಸು ಬೇಡ, ತಾಂತ್ರಿಕ ಮಾನದಂಡ ಪಾಲಿಸಿದರೆ ಸಾಕು. ನಿಗದಿತ ವೆಚ್ಚ ಮೀರಿದ ಜಲವಿದ್ಯುತ್ ಯೋಜನೆಗಳಿಗೆ ಮಾತ್ರ ಕೇಂದ್ರ ಪ್ರಾಧಿಕಾರದ ಸಮ್ಮತಿ ಉಳಿಯಿತು. ಸ್ವಂತಕ್ಕೆ ತಯಾರಿಸುವವನು 1887ರ ಸ್ವಾತಂತ್ರ್ಯಕ್ಕೆ ಹೆಚ್ಚುಕಡಿಮೆ ಮರಳಿದ.

ಹಂಚುವವನ ಬಾಗಿಲು ಮಾತ್ರ ಗಟ್ಟಿಯಾಯಿತು. 14ನೇ ಕಲಮಿನ ಪ್ರಕಾರ ಹಂಚಿಕೆಗೆ ಲೈಸೆನ್ಸು ಬೇಕು. ಅದನ್ನು ಕೊಡುವುದು ಇನ್ನು ಸರ್ಕಾರ ಅಲ್ಲ, ಆಯೋಗ. ಅವಧಿ 25 ವರ್ಷ. ಹಳೆಯ ಲೈಸೆನ್ಸುದಾರರು ತಮ್ಮ ಹಳೆಯ ಅವಧಿ ಮುಗಿಯುವವರೆಗೆ ಲೈಸೆನ್ಸುದಾರರೇ ಎಂದು ಕಾಯ್ದೆ ಒಪ್ಪಿತು. ಅವಧಿ ಮುಗಿದ ಮೇಲೆ ಆಯೋಗದ ಮುಂದೆ ನಿಲ್ಲಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆಗೆ ಉತ್ತರಿಸಬೇಕು, ಹಣಕಾಸಿನ ಬಲ ತೋರಿಸಬೇಕು.

ಅಂದಿನಿಂದ ಹುಕ್ಕೇರಿ ಸಂಘಕ್ಕೆ ದೊಡ್ಡ ಪರೀಕ್ಷೆಯ ಜೊತೆ ವರ್ಷಾವರ್ಷದ ಪರೀಕ್ಷೆಯೂ ಅಂಟಿಕೊಂಡಿತು. ಬೆಸ್ಕಾಂನಂಥ ದೈತ್ಯ ಕಂಪನಿ ಹೇಗೆ ಮುಂದಿನ ವರ್ಷದ ಖರ್ಚು, ಬೇಕಾದ ವರಮಾನದ ಲೆಕ್ಕ ಸಲ್ಲಿಸುತ್ತದೋ ಹಾಗೆಯೇ ಒಂದು ತಾಲ್ಲೂಕಿನ ಸಂಘವೂ ಸಲ್ಲಿಸಬೇಕು. ಎಷ್ಟು ಯೂನಿಟ್ ಕೊಂಡಿರಿ, ಎಷ್ಟು ಮಾರಿದಿರಿ, ನಡುವೆ ಎಷ್ಟು ಸೋರಿತು? ಸೋರಿಕೆಯ ಲೆಕ್ಕವೇ ಕಷ್ಟದ್ದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಕರೆಂಟು ಪುಕ್ಕಟೆ. ಎಷ್ಟೋ ಮೋಟರುಗಳಿಗೆ ಸಂಪರ್ಕದ ಆರ್‌ಆರ್ ನಂಬರು ಇದೆ, ಮೀಟರು ಇಲ್ಲ. ಟಿಸಿ ಹತ್ತಿರ ನಿಂತ ಲೈನ್‌ಮನ್ನಿಗೆ ಯಾವ ಹೊಲದಲ್ಲಿ ಎಷ್ಟು ಹೊತ್ತು ನೀರು ಹರಿಯಿತೆಂದು ಗೊತ್ತು, ಆಯೋಗಕ್ಕೆ ಬೇಕಾದದ್ದು ಫೀಡರಿನ ಅಂಕಿ. ಪುಕ್ಕಟೆ ಕೊಟ್ಟದ್ದರ ಬಾಬ್ತನ್ನು ಸರ್ಕಾರ ಸಬ್ಸಿಡಿಯಾಗಿ ತುಂಬಿಕೊಡಬೇಕು, ಆ ಹಣ ತಡವಾದರೆ ಸಗಟು ಕರೆಂಟಿನ ಬಾಕಿ ಏರುತ್ತದೆ. ರಾಜ್ಯದಲ್ಲಿ ಚಿಲ್ಲರೆ ದರ ಹೆಚ್ಚುಕಡಿಮೆ ಒಂದೇ ಇರಬೇಕೆಂಬುದು ನೀತಿ. ಹಾಗಾಗಿ ಹಳ್ಳಿ, ಪಂಪ್‌ಸೆಟ್ಟುಗಳೇ ಹೆಚ್ಚಿರುವ ಸಂಘ ಉಳಿಯುವುದು ಅಳಿಯುವುದು ಅದಕ್ಕೆ ಸಿಗುವ ಸಗಟು ದರದ ಮೇಲೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಐದು ಪ್ರಯೋಗಗಳಲ್ಲಿ ಹುಕ್ಕೇರಿಗೆ ನೆರೆಯದು ಅಂದಿನ ಅಹ್ಮದನಗರ ಜಿಲ್ಲೆಯ ಮುಳಾ-ಪ್ರವರಾ. ಶ್ರೀರಾಮಪುರ, ರಾಹುರಿಯ ಕಬ್ಬಿನ ಸೀಮೆ, ಅದೂ ಸಹಕಾರದ ಗಟ್ಟಿ ನೆಲ. ವಿದ್ಯುತ್ ಖರೀದಿಯ ಬಾಕಿ ಅಲ್ಲಿ ಬೆಟ್ಟವಾಗಿ ಬೆಳೆದಿತ್ತು. 2011ರ ಜನವರಿ ಕೊನೆಗೆ ಅದರ ಲೈಸೆನ್ಸಿನ ಅವಧಿ ಮುಗಿಯಿತು. ಅದೇ ಸೀಮೆಗೆ ಸರ್ಕಾರಿ ಕಂಪನಿ ಮಹಾವಿತರಣವೂ ಅರ್ಜಿ ಹಾಕಿತ್ತು. ಮಹಾರಾಷ್ಟ್ರದ ಆಯೋಗ ಮಹಾವಿತರಣದ ಕಡೆಗೆ ತೀರ್ಪು ಕೊಟ್ಟಿತು. ಫೆಬ್ರವರಿ ಹುಟ್ಟುವಾಗ ನಾಲ್ಕು ದಶಕದ ಸಂಘದ ತಂತಿಗಳಲ್ಲಿ ಇನ್ನೊಬ್ಬರ ಕರೆಂಟು ಹರಿಯುತ್ತಿತ್ತು. ಗುಜರಾತು, ಉತ್ತರ ಪ್ರದೇಶದ ಪ್ರಯೋಗಗಳು ಅದಕ್ಕೂ ಮೊದಲೇ ಮುಗಿದಿದ್ದವು. ಈಗ ತೆಲಂಗಾಣದಲ್ಲಿರುವ ಸಿರಿಸಿಲ್ಲ ಮತ್ತು ನಮ್ಮ ಹುಕ್ಕೇರಿ, ಐದರಲ್ಲಿ ಉಳಿದವು ಇವೆರಡೇ.

ಕಬ್ಬಿನ ಸಿಪ್ಪೆಯ ಕರೆಂಟು

2003ರ ಕಾಯ್ದೆ ತೆರೆದ ಉತ್ಪಾದನೆಯ ಬಾಗಿಲಿನಿಂದ ಈ ಸೀಮೆಯಲ್ಲಿ ಒಳಗೆ ನುಗ್ಗಿದ್ದು ಸಕ್ಕರೆ ಕಾರ್ಖಾನೆಗಳು. ಕಬ್ಬು ನುರಿಸಿದ ಮೇಲೆ ಉಳಿಯುವ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ, ಆ ಹಬೆಯಿಂದ ಟರ್ಬೈನು ತಿರುಗಿಸಿ, ಬಳಸಿದ ಹಬೆಯಲ್ಲೇ ರಸ ಕುದಿಸುವುದಕ್ಕೆ ಸಹ-ವಿದ್ಯುತ್ ಉತ್ಪಾದನೆ ಎನ್ನುತ್ತಾರೆ. ಗೋಕಾಕ-ಮೂಡಲಗಿ ಸೀಮೆಯ ಹುಣಶ್ಯಾಳ ಪಿ.ಜಿ.ಯಲ್ಲಿ ಸತೀಶ ಶುಗರ್ಸ್, ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ 36.4 ಮೆಗಾವಾಟ್ ಸಾಮರ್ಥ್ಯದ ವಿಶ್ವರಾಜ್ ಶುಗರ್ಸ್ ಈ ಪೀಳಿಗೆಯವು. ಬೆಲ್ಲದ ಬಾಗೇವಾಡಿಯ ಈ ಒಂದೇ ಕಾರ್ಖಾನೆಯ ಸಾಮರ್ಥ್ಯ ಹಿಡಕಲ್ ಅಣೆಕಟ್ಟಿನ ವಿದ್ಯುತ್ ಕೇಂದ್ರಕ್ಕಿಂತ ಹೆಚ್ಚು.

ಲೈಸೆನ್ಸು ಬೇಡ ಎಂದ ಮಾತ್ರಕ್ಕೆ ಕಾಗದ ಕಡಿಮೆಯಾಯಿತು ಎಂದುಕೊಂಡರೆ ಕಾರ್ಖಾನೆಯ ಕಚೇರಿಯವರು ನಕ್ಕಾರು. ಹಂಗಾಮು ಶುರುವಾಗುವ ಮೊದಲಿನ ವಾರಗಳನ್ನು ನೋಡಬೇಕು. ಬಾಯ್ಲರಿನ ಪ್ರಮಾಣಪತ್ರಕ್ಕೆ, 2025ರಲ್ಲಿ ಹೊಸ ಕಾಯ್ದೆ ಬರುವವರೆಗೆ ಜಾರಿಯಲ್ಲಿದ್ದ 1923ರ ಬಾಯ್ಲರ್ ಕಾಯ್ದೆ ಇಟ್ಟಿದ್ದ ಆಯುಷ್ಯ ಗರಿಷ್ಠ 12 ತಿಂಗಳು. ಪ್ರತಿ ವರ್ಷ ಬಾಯ್ಲರನ್ನು ತಣ್ಣಗೆ ಮಾಡಿ, ಬಿಚ್ಚಿ, ಕೊಳವೆಗಳ ಒಳಗೆ ಕಟ್ಟಿದ ಪದರ ಕೆರೆದು, ಇನ್‌ಸ್ಪೆಕ್ಟರ್ ಬಂದು ಒಳಗೆ ಹೊಕ್ಕು ನೋಡಬೇಕು. ಒತ್ತಡದ ಪರೀಕ್ಷೆಯಿದ್ದರೆ ಬಾಯ್ಲರಿಗೆ ಗಂಟಲಮಟ್ಟ ನೀರು ತುಂಬಿ, ಪಂಪಿನಿಂದ ಕೆಲಸದ ಒತ್ತಡಕ್ಕಿಂತ ಮೇಲಕ್ಕೆ ಒಯ್ದು, ಗೇಜಿನ ಮುಳ್ಳು ಅಲ್ಲಾಡದೆ ನಿಂತಿದೆಯೇ, ಎಲ್ಲಾದರೂ ಬೆವರುಹನಿ ಮೂಡಿದೆಯೇ ಎಂದು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಆ ಒಂದು ಸಹಿ ತಡವಾದರೆ ಗೇಟಿನ ಹೊರಗೆ ಕಬ್ಬಿನ ಟ್ರಾಕ್ಟರುಗಳ ಸಾಲು ಬೆಳೆಯುತ್ತದೆ. ಇದರ ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರ್ಯಾಚರಣೆ ಸಮ್ಮತಿ, ಕಾರ್ಖಾನೆ ಲೈಸೆನ್ಸಿನ ನವೀಕರಣ, ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕು. ಒಂದೊಂದರ ತಾರೀಖು ಒಂದೊಂದು.

ಮಿಕ್ಕ ಕರೆಂಟು ಮಾರಬೇಕಲ್ಲ? ಅಲ್ಲಿ ಮತ್ತೆ ಆಯೋಗ ಎದುರಾಗುತ್ತದೆ. ಕಾರ್ಖಾನೆ ಮತ್ತು ಹಂಚಿಕೆ ಕಂಪನಿಯ (ಎಸ್ಕಾಂ) ನಡುವಿನ ಖರೀದಿ ಒಪ್ಪಂದಕ್ಕೆ ಕೆಇಆರ್‌ಸಿ ಒಪ್ಪಿಗೆ ಬೇಕು, ದರವನ್ನು ಕಾಲಕಾಲಕ್ಕೆ ಅದೇ ನಿಗದಿ ಮಾಡುತ್ತದೆ. ಗ್ರಿಡ್‌ಗೆ ಸೇರುವ ಜಾಗದಲ್ಲಿ ಸೀಲು ಹಾಕಿದ ಮೀಟರುಗಳು. ತಿಂಗಳಿಗೊಮ್ಮೆ ಎರಡೂ ಕಡೆಯವರು ಎದುರುಬದುರು ನಿಂತು ರೀಡಿಂಗ್ ಬರೆದು ಸಹಿ ಹಾಕುತ್ತಾರೆ. ಆ ಹಾಳೆಯ ಮೇಲೆಯೇ ಹಣ.

ಸ್ವಾತಂತ್ರ್ಯಕ್ಕೆ ಇನ್ನೊಂದು ಬೇಲಿಯೂ ಇದೆ. ಅಸಾಧಾರಣ ಸಂದರ್ಭದಲ್ಲಿ ಉತ್ಪಾದಕನಿಗೆ ಸರ್ಕಾರ ನಿರ್ದೇಶನ ಕೊಡಬಹುದು ಎನ್ನುತ್ತದೆ 2003ರ ಕಾಯ್ದೆಯ 11ನೇ ಕಲಮು. 2023ರ ಮುಂಗಾರು ಕೈಕೊಟ್ಟು, ಜಲಾಶಯ ಬರಿದಾಗಿ, ಅಕ್ಟೋಬರ್‌ನಲ್ಲೇ ಪಂಪ್‌ಸೆಟ್ಟುಗಳ ಬೇಡಿಕೆ ಏರಿದಾಗ ರಾಜ್ಯ ಸರ್ಕಾರ ಆ ಕಲಮನ್ನು ಹೊರತೆಗೆಯಿತು: ರಾಜ್ಯದ ಉತ್ಪಾದಕರು ಹೊರಗೆ ಮಾರದೆ ರಾಜ್ಯದ ಗ್ರಿಡ್‌ಗೇ ಕೊಡಬೇಕು. ಸಕ್ಕರೆ ಕಾರ್ಖಾನೆಗಳ ಸಿಪ್ಪೆಯ ಕರೆಂಟಿಗೂ ಸರ್ಕಾರ ಕೈಚಾಚಿತು.

ಒಂದು ತಾಲ್ಲೂಕು, ಇಬ್ಬರು ಲೈಸೆನ್ಸುದಾರರು

ಹೆದ್ದಾರಿಯಲ್ಲಿ ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೋಗುವಾಗ ಹತ್ತರಗಿ ಸಿಗುತ್ತದೆ. ಅಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಏಕಸ್ ವಿಶೇಷ ಆರ್ಥಿಕ ವಲಯ ಇದೆ. ಇಂಥ ವಲಯ ಕಟ್ಟಿದವನನ್ನು ಆ ವಲಯದ ಮಟ್ಟಿಗೆ ಹಂಚಿಕೆಯ ಲೈಸೆನ್ಸುದಾರನೆಂದೇ ಪರಿಗಣಿಸಬೇಕು ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2010ರ ಮಾರ್ಚ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಹೀಗೆ ಹುಕ್ಕೇರಿ ತಾಲ್ಲೂಕಿಗೆ ಎರಡನೆಯ ಲೈಸೆನ್ಸುದಾರ ಬಂದ. ಕೆಇಆರ್‌ಸಿ ದರದ ಆದೇಶಗಳಲ್ಲಿ ಏಕಸ್ ವಲಯದ ಹೆಸರೂ ಹುಕ್ಕೇರಿ ಸಂಘದ ಹೆಸರೂ ಇರುತ್ತವೆ. ಒಂದಕ್ಕೆ ಬೇಲಿಯೊಳಗಿನ ಕೆಲವೇ ಕಾರ್ಖಾನೆಗಳು. ಇನ್ನೊಂದಕ್ಕೆ ಚದುರಿದ ಹಳ್ಳಿ, ಹೊಲ, ಗಿರಣಿ, ಗುಡಿ. ಹಂಚಲು ಸುಲಭವಾದ ಗಿರಾಕಿಗಳು ಒಬ್ಬರ ಪಾಲಿಗೆ, ಕಷ್ಟದ ಗಿರಾಕಿಗಳು ಇನ್ನೊಬ್ಬರ ಪಾಲಿಗೆ. ಇಬ್ಬರೂ ಉತ್ತರ ಕೊಡಬೇಕಾದದ್ದು ಒಂದೇ ಕಾಯ್ದೆಗೆ.

ಇಷ್ಟೆಲ್ಲ ಕಷ್ಟದ ಸಂಘಕ್ಕಾಗಿ ಜಗಳವೇ ಇರಬಾರದಲ್ಲ? 2025ರ ಸೆಪ್ಟೆಂಬರ್‌ನಲ್ಲಿ ನಡೆದ ಅದರ ಆಡಳಿತ ಮಂಡಳಿಯ ಚುನಾವಣೆ ವಿಧಾನಸಭಾ ಚುನಾವಣೆಯನ್ನೂ ಮೀರಿಸುವಷ್ಟು ಕಾವೇರಿತು. ಒಂದು ಕಡೆ ಮಾಜಿ ಸಂಸದ ರಮೇಶ ಕತ್ತಿ ಅವರ ಬಣ, ಇನ್ನೊಂದು ಕಡೆ ಸಚಿವ ಸತೀಶ ಜಾರಕಿಹೊಳಿ ಬೆಂಬಲದ ಬಣ. ಕತ್ತಿ ಬಣ ಗೆದ್ದಿತು. ವಿಶ್ವರಾಜ್ ಕತ್ತಿ ಮನೆತನದ ಕಾರ್ಖಾನೆ, ಸತೀಶ ಶುಗರ್ಸ್ ಜಾರಕಿಹೊಳಿಯವರು ಕಟ್ಟಿದ್ದು. ಅಂದರೆ ಕರೆಂಟು ತಯಾರಿಸುವ ಎರಡು ಮನೆತನಗಳು ಕರೆಂಟು ಹಂಚುವ ಸಂಘದ ಚುನಾವಣೆಯಲ್ಲಿ ಎದುರಾದವು. ತಯಾರಿಕೆ ಇವತ್ತು ಬಂಡವಾಳ ಇದ್ದ ಯಾರಾದರೂ ಮಾಡಬಹುದು. ಮನೆಯ ಮೀಟರಿನವರೆಗೆ ತಂತಿ ಎಳೆದು, ಬಿಲ್ಲು ಕೊಟ್ಟು, ಕರೆಂಟು ಹೋದಾಗ ಜನ ಯಾರ ಹೆಸರು ಹಿಡಿದು ಬೈಯುತ್ತಾರೋ ಅವರಾಗುವ ಅಧಿಕಾರ ಮಾತ್ರ ಅಪರೂಪ. ಊರಿನ ರಾಜಕಾರಣಕ್ಕೆ ಇದು ಕಾಯ್ದೆ ಪುಸ್ತಕಕ್ಕಿಂತ ಮೊದಲೇ ಗೊತ್ತಿತ್ತು.

ಗೋಕಾಕದ ಗಿರಣಿ ತನಗಾಗಿ ಶಕ್ತಿ ಹುಟ್ಟಿಸಿದಾಗ ಯಾರೂ ಕೇಳಲಿಲ್ಲ, ಮಂಡಳಿಯ ಕಾಲದಲ್ಲಿ ಎಲ್ಲದಕ್ಕೂ ಕೇಳಬೇಕಾಯಿತು, ಈಗ ತಯಾರಿಕೆ ಬಿಡುಗಡೆಯಾಗಿ ಹಂಚಿಕೆ ಲೈಸೆನ್ಸಿನ ಹಿಡಿತದಲ್ಲೇ ಉಳಿದಿದೆ. ಈ ಹಿಡಿತ ಬೇಕಾದದ್ದೇ. ಲಾಭದ ಗಿರಾಕಿಯನ್ನು ಆರಿಸಿಕೊಂಡು ಗುಡ್ಡದ ಮೇಲಿನ ಒಂಟಿ ಮನೆಯನ್ನು ಬಿಟ್ಟುಬಿಡದಂತೆ ತಡೆಯುವ ಕಟ್ಟಳೆ ಅದೊಂದೇ. ಆದರೆ ಆ ಲೈಸೆನ್ಸಿನ ಪರಿಶೀಲನೆ ಬಂದಾಗ ಮಾತಾಡುವ ಹಕ್ಕು ಸದಸ್ಯನಿಗೆ ಎರಡು ಕಡೆ ಇದ್ದರೂ ಅದನ್ನು ಹುಕ್ಕೇರಿಯ ಜನ ಅರ್ಧ ಮಾತ್ರ ಬಳಸುತ್ತಿದ್ದಾರೆ. ಮತಗಟ್ಟೆಗೆ ಸಾಲುಗಟ್ಟಿ ಬರುತ್ತಾರೆ. ಅದೇ ಸಂಘದ ಸೋರಿಕೆ, ಬಾಕಿ, ಖರೀದಿ ದರದ ಲೆಕ್ಕ ಆಯೋಗದ ಮುಂದೆ ಬರುವಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ, ವಕೀಲರು ಬೇಕಿಲ್ಲ. ಮುಳಾ-ಪ್ರವರಾದ ಸಂಘವನ್ನು ಮುಗಿಸಿದ್ದು ಚುನಾವಣೆಯ ಸೋಲಲ್ಲ, ತೀರದ ಬಾಕಿ. ಹುಕ್ಕೇರಿಯ ಲೈಸೆನ್ಸನ್ನು ಮುಂದಿನ ಅವಧಿಗೆ ಕಾಪಾಡುವುದೂ ಯಾವ ಬಣ ಗೆದ್ದಿತು ಎಂಬುದಕ್ಕಿಂತ ಹೆಚ್ಚಾಗಿ ಆ ಲೆಕ್ಕದ ಪುಸ್ತಕವೇ.